ನಿದ್ದೆಯನ್ನು ಮರಳಿ ಕೊಟ್ಟವರಿಗೆ

ಕೋವಿಡ್‌ನಿಂದ ಮುಚ್ಚಿದ್ದ ಪ್ರೌಢಶಾಲೆಗಳು 2021ರ ಆಗಸ್ಟ್ 23ರಂದು ಮತ್ತೆ ಬಾಗಿಲು ತೆರೆದವು. ಅಂದಿನಿಂದ ನಾನೂ ದಾವಣಗೆರೆಯ ನಮ್ಮ ಶಾಲೆಯಲ್ಲಿ ಗಣಿತ ಪಾಠಕ್ಕೆ ನಿಂತಿದ್ದೇನೆ. ಮೇ ತಿಂಗಳಲ್ಲಿ ಕೋವಿಡ್ ವಾರ್ಡಿನಲ್ಲಿದ್ದಾಗ ನನ್ನ ಉಸಿರು ಉಳಿಸಿದ ವೈದ್ಯರಿಗೆ ಖುದ್ದಾಗಿ ಹೋಗಿ ಕೈಮುಗಿದು ಬಂದೆ. ಈ ಬರಹ ನಿದ್ದೆಯನ್ನು ಮರಳಿ ಕೊಟ್ಟವರಿಗೆ. ವರದಿ ನೆಗೆಟಿವ್ ಬಂದು, ಬಂಧುಗಳೆಲ್ಲ ‘ಗಂಡಾಂತರ ಕಳೆಯಿತು’ ಎಂದು ನಿಟ್ಟುಸಿರು ಬಿಟ್ಟ ಮೇಲೂ ನನ್ನಲ್ಲಿ ವಾಸಿಯಾಗದೆ ಉಳಿದಿದ್ದು ಅದೇ.

ಮೊದಲ ವಂದನೆ ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ. ಆ ವಾರ್ಡಿನಲ್ಲಿ ಹಗಲಿಗೂ ಇರುಳಿಗೂ ಒಂದೇ ಟ್ಯೂಬ್‌ಲೈಟ್ ಬೆಳಕು, ಮಾನಿಟರುಗಳ ನಿಲ್ಲದ ಕೂಗು. ಅದರ ಮೇಲೆ ಡೆಕ್ಸಾಮೆಥಸೋನ್. ಶ್ವಾಸಕೋಶದ ಉರಿಯೂತ ಇಳಿಸಿ ಜೀವ ಉಳಿಸುವ ಈ ಸ್ಟೀರಾಯ್ಡ್ ನಿದ್ದೆಯನ್ನು ಮಾತ್ರ ಹತ್ತಿರ ಸುಳಿಯಗೊಡುವುದಿಲ್ಲ. ನಾನು ರಾತ್ರಿಯೆಲ್ಲ ಚಾವಣಿ ನೋಡುತ್ತಿದ್ದುದನ್ನು ಗಮನಿಸಿದ ಸಿಸ್ಟರೊಬ್ಬರು ವೈದ್ಯರಿಗೆ ತಿಳಿಸಿ, ನನ್ನ ಇಂಜೆಕ್ಷನ್ ಬೆಳಗಿನ ಹೊತ್ತಿಗೇ ಬರುವಂತೆ ಮಾಡಿದರು. ನನ್ನ ಮಟ್ಟಿಗೆ ಅದು ದೊಡ್ಡ ಉಪಕಾರ.

ಕಣ್ಣು ಹತ್ತಿದರೂ ಸುಖವಿರಲಿಲ್ಲ. ಜ್ವರ ನಿದ್ದೆಯನ್ನು ತುಂಡು ತುಂಡು ಮಾಡುತ್ತದೆ. ಕನಸಿನ ನಡುವೆಯೇ ಎಚ್ಚರವಾಗುವುದರಿಂದ ಅದು ಮರೆತೂ ಹೋಗುವುದಿಲ್ಲ. ನನಗೆ ಮತ್ತೆ ಮತ್ತೆ ಬೀಳುತ್ತಿದ್ದುದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕನಸು. ಯಾವ ಲೆಕ್ಕ ಬಿಡಿಸಿದರೂ ಉತ್ತರ 88. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಒಂದು ಸಂಜೆ ತೋರಿಸಿದ, ಅಪಾಯದಷ್ಟು ಕಡಿಮೆ ಅಂಕಿ ಅದು. ಬೋರ್ಡ್ ಒರೆಸಿದಷ್ಟೂ ಅದೇ ಮೂಡುತ್ತಿತ್ತು. (ಜುಲೈ 19ರ ನಿಜವಾದ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ, ಬರೀ ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಿದಾಗ ನನ್ನ ಕನಸೇ ಇದಕ್ಕಿಂತ ಕ್ರಮಬದ್ಧವಾಗಿತ್ತು ಅನ್ನಿಸಿತು.)

ಒಂದು ರಾತ್ರಿ ಕನಸು ಎಚ್ಚರದೊಳಕ್ಕೂ ನುಗ್ಗಿತು. ಪಿಪಿಇ ಕಿಟ್ ತೊಟ್ಟವರು ನನ್ನನ್ನು ಪರೀಕ್ಷಾ ಕೊಠಡಿಯಿಂದ ಹೊರಹಾಕಲು ಬಂದವರೆಂದು ನಂಬಿ ಆಮ್ಲಜನಕದ ಮಾಸ್ಕ್ ಕಿತ್ತೆಸೆದೆನಂತೆ. ಇದಕ್ಕೆ ಡೆಲಿರಿಯಮ್ ಎನ್ನುತ್ತಾರೆ. ಸೋಂಕು, ಆಮ್ಲಜನಕದ ಕೊರತೆ, ನಿದ್ದೆಗೇಡು ಎಲ್ಲ ಸೇರಿ ಮಿದುಳನ್ನು ಕಂಗೆಡಿಸುವ ಸ್ಥಿತಿ, ಹುಚ್ಚು ಅಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಹರಪನಹಳ್ಳಿ ಕಡೆಯ ಅಜ್ಜ ತಮ್ಮ ಏದುಸಿರಿನಲ್ಲೇ ಕೂಗಿ ಸಿಸ್ಟರನ್ನು ಕರೆದರು. ಸಿಸ್ಟರ್ ಗದರಲಿಲ್ಲ. ಕಿಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಂಡಿದ್ದ ತಮ್ಮ ಹೆಸರು ತೋರಿಸಿ, “ಮೇಷ್ಟ್ರೇ, ಇದು ಆಸ್ಪತ್ರೆ. ಇವತ್ತು ಗುರುವಾರ. ಈಗ ರಾತ್ರಿ ಮೂರು ಗಂಟೆ” ಎಂದರು. ನಾನು ಶಾಂತನಾಗುವವರೆಗೂ ಅದನ್ನೇ ಹೇಳುತ್ತಿದ್ದರಂತೆ. ಮಗ್ಗಿ ಹೇಳಿಕೊಡುವ ನನಗೂ ಅಷ್ಟು ತಾಳ್ಮೆ ಇಲ್ಲ.

ಅಜ್ಜನಿಗೆ ಇನ್ನೊಂದು ಋಣವಿದೆ. ನನ್ನ ಹೆಣವನ್ನು ನಾನೇ ಕಂಡ ಕನಸನ್ನು ಹೇಳಿಕೊಂಡಾಗ ಅವರು, “ಸತ್ತಂತೆ ಕನಸು ಬಿದ್ದರೆ ಆಯಸ್ಸು ಹೆಚ್ಚುತ್ತದೆ, ತಮ್ಮಾ” ಎಂದು ನಕ್ಕರು. ಅವರ ಲೆಕ್ಕದಂತೆ ನಾನು ಖಜಾನೆಗೆ ಭಾರವಾಗುವಷ್ಟು ಕಾಲ ಪಿಂಚಣಿ ಪಡೆಯಲಿದ್ದೇನೆ. ಅಜ್ಜ ಗುಣವಾಗಿ ಊರು ಸೇರಿದ್ದಾರೆ.

ಮನೆಗೆ ಬಂದ ಮೇಲೂ 88ರ ಕಾಟ ತಪ್ಪಲಿಲ್ಲ. ಸಂಜೆಯಾದರೆ ಹಾಸಿಗೆಯ ಭಯ. ಗಸಗಸೆ ಪಾಯಸದಿಂದ ತಾಯತದವರೆಗೆ ಸಲಹೆಗಳು ಬಂದವು. ಪಾಯಸವನ್ನು ಮಾತ್ರ ಸ್ವೀಕರಿಸಿದೆ. ನನ್ನ ಹೆಂಡತಿ ಟಿ.ವಿ.ಯ ಸಾವಿನ ಲೆಕ್ಕವನ್ನು ಬಂದ್ ಮಾಡಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತ ಸಮಾಲೋಚಕಿಗೆ ತಾನೇ ಕರೆ ಮಾಡಿದಳು. ನನ್ನ ಉಸಿರಿಗೆ ಕಿವಿಗೊಟ್ಟು ಅವಳೂ ರಾತ್ರಿಗಟ್ಟಲೆ ಎಚ್ಚರವಿದ್ದಳೆಂಬುದು ನನಗೆ ತಿಳಿದದ್ದು ಆ ಕರೆಯಲ್ಲೇ. ಸಮಾಲೋಚಕಿ ಇಬ್ಬರನ್ನೂ ರೋಗಿಗಳ ಪಟ್ಟಿಗೆ ಸೇರಿಸಿಕೊಂಡರು. ಅದಕ್ಕೆ ಎರಡು ಪಟ್ಟು ಧನ್ಯವಾದ.

“ಇಂಥ ಕನಸು ನಿಮಗೊಬ್ಬರಿಗೇ ಅಲ್ಲ, ಸರ್” ಎಂದರು ಅವರು. ಹಾರ್ವರ್ಡ್‌ನ ಡೀರ್‌ಡ್ರ ಬ್ಯಾರೆಟ್ ಎಂಬ ಮನೋವಿಜ್ಞಾನಿ 2020ರಲ್ಲೇ ಜಗತ್ತಿನ ಸಾವಿರಾರು ಜನರಿಂದ ಸಾಂಕ್ರಾಮಿಕ ಕಾಲದ ಕನಸುಗಳನ್ನು ಸಂಗ್ರಹಿಸಿದ್ದರೆಂದೂ, ಹುಳುಗಳ ಹಿಂಡು ಮುತ್ತಿಕೊಳ್ಳುವ ಕನಸುಗಳು ಅದರಲ್ಲಿ ಹೇರಳವೆಂದೂ ಅವರಿಂದಲೇ ತಿಳಿದೆ. ಹುಳುಗಳಿಗಿಂತ 88 ವಾಸಿ.

ಆಮೇಲೆ ಕೆಲಸ ಹಚ್ಚಿದರು. ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಬೇರೆ ಕಡೆ ಕುಳಿತುಕೊಳ್ಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ಮುಖ್ಯವಾದದ್ದು ಮೂರನೆಯದು: ಹಗಲಿನಲ್ಲಿ ಆ ಕನಸನ್ನು ಬರೆದು, ಅದರ ಅಂತ್ಯವನ್ನು ನನಗೆ ಬೇಕಾದಂತೆ ಬದಲಿಸಿ, ಹೊಸ ಕನಸನ್ನು ದಿನವೂ ಮನಸ್ಸಿನಲ್ಲಿ ನಡೆಸಿ ನೋಡಬೇಕು. ಮಕ್ಕಳಾಟದಂತೆ ಕಂಡರೂ ದುಃಸ್ವಪ್ನಗಳಿಗೆ ಮನೋವೈದ್ಯರು ಬಹುಕಾಲದಿಂದ ಬಳಸುತ್ತಿರುವ ಚಿಕಿತ್ಸೆ ಇದು. ನಾನು ಬರೆದುಕೊಂಡ ಅಂತ್ಯದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಕೂಡುವಾಗ ದಶಕ ಬಿಟ್ಟಿದ್ದೀರಿ, ಅದು 98” ಎನ್ನುತ್ತಾಳೆ. ನಾನು ತಿದ್ದುತ್ತೇನೆ, ಗಂಟೆ ಹೊಡೆಯುತ್ತದೆ. ಕೆಲವು ವಾರಗಳಲ್ಲಿ ಕನಸು ಅಪರೂಪವಾಯಿತು. ಪೂರ್ತಿ ಹೋಗಿಲ್ಲ, ಬಂದರೂ ಮತ್ತೆ ನಿದ್ದೆ ಹತ್ತುತ್ತದೆ.

ರಜೆಯ ಕಾಗದಪತ್ರಗಳನ್ನು ತಾವೇ ಓಡಾಡಿ ಮುಗಿಸಿದ ಮುಖ್ಯೋಪಾಧ್ಯಾಯರಿಗೆ, ನನ್ನ ತರಗತಿಗಳನ್ನು ಆನ್‌ಲೈನ್‌ನಲ್ಲಿ ಹಂಚಿಕೊಂಡ ಸಹೋದ್ಯೋಗಿಗಳಿಗೆ, ವಾಟ್ಸ್‌ಆ್ಯಪ್‌ನಲ್ಲಿ ಪ್ರಾರ್ಥನೆಯ ಜೊತೆಗೆ ತಪ್ಪು ಉತ್ತರಗಳನ್ನೂ ಕಳುಹಿಸಿದ ಹತ್ತನೇ ತರಗತಿಯ ಮಕ್ಕಳಿಗೆ ನಮಸ್ಕಾರ. ರಾತ್ರಿ ಹತ್ತರ ನಂತರ ನನ್ನ ಮೊಬೈಲ್ ಅಡುಗೆಮನೆಯಲ್ಲಿರುತ್ತದೆ. ಆರೋಗ್ಯ ವಿಚಾರಿಸುವವರು ದಯವಿಟ್ಟು ಬೆಳಗ್ಗೆ ಕರೆ ಮಾಡಿ.