ಹನ್ನೊಂದೂವರೆಗೆ ಸರಿಯಾಗಿ ಮುಗಿಸಿಕೊಟ್ಟವರಿಗೆ

ಹುಬ್ಬಳ್ಳಿಯ ನಮ್ಮ ಕೇಬಲ್ ಚಾನೆಲ್ಲಿನಲ್ಲಿ ಶನಿವಾರ ರಾತ್ರಿಯ ಹರಟೆ-ಸಂಗೀತದ ಕಾರ್ಯಕ್ರಮ ನಡೆಸುತ್ತಿದ್ದ ನಿರ್ಮಾಪಕರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ನೋಡುಗರು ಅವರ ಮುಖ ಕಂಡವರಲ್ಲ. ಅವರು ಮಾಡುತ್ತಿದ್ದುದೇನು ಎಂಬುದನ್ನಾದರೂ ಹೇಳಿ ಋಣ ಒಪ್ಪಿಕೊಳ್ಳೋಣ.

ಕಾರ್ಯಕ್ರಮ ಒಂದು ತಾಸಿನದು. ನಿಯಮದಂತೆ ತಾಸಿಗೆ ಜಾಹೀರಾತು, ಚಾನೆಲ್ಲಿನ ಸ್ವಂತ ಪ್ರಚಾರ ಎರಡೂ ಸೇರಿ 12 ನಿಮಿಷ ದಾಟುವಂತಿಲ್ಲ. ಅಷ್ಟನ್ನೂ ಬಳಸಿದರೆ ಉಳಿಯೋದು 48. ಸರ್ ಲೆಕ್ಕ ಹಾಕುತ್ತಿದ್ದುದು ತುದಿಯಿಂದ. 11:30ಕ್ಕೆ ಮುಗಿತಾಯ, ವಂದನೆಗೆ 45 ಸೆಕೆಂಡು, ಕೊನೆಯ ವಚನಕ್ಕೆ 6 ನಿಮಿಷ; ಅಂದರೆ 11:23:15ಕ್ಕೆ ತಂಬೂರಿ ನುಡಿಯಲೇಬೇಕು. ಅಷ್ಟರೊಳಗೆ ಅತಿಥಿ ಎಷ್ಟೇ ರಂಗೇರಿರಲಿ, ನಿರೂಪಕರ ಕಿವಿಗೆ 'ಎರಡು', 'ಒಂದು', 'ಮುಗಿಸ್ರಿ' ಅಂತ ಬರೀ ಅಂಕಿ ಹೋಗುತ್ತಿತ್ತು. ಮಾತಾಡುತ್ತಿರುವವರ ಕಿವಿಯಲ್ಲಿ ಪೂರ್ತಿ ವಾಕ್ಯ ಹೇಳಿದರೆ ಅವರ ವಾಕ್ಯ ತಪ್ಪುತ್ತದೆ. ವೇಳೆ ಮೀರಿದರೆ ಕತ್ತರಿ ಬೀಳುತ್ತಿದ್ದುದು ಮಾತಿಗೇ, ಹಾಡಿಗಲ್ಲ. ರಾಜಕಾರಣಿಗಳು ಇದಕ್ಕೆ ಮುನಿಸಿಕೊಂಡದ್ದುಂಟು. ಮುನಿಸಿಕೊಳ್ಳಲಿ, ಧಾರವಾಡದ ಸೀಮೆಯಲ್ಲಿ ಆಲಾಪ ಅರ್ಧಕ್ಕೆ ನಿಲ್ಲಿಸಿ ಜಾಹೀರಾತು ತೋರಿಸಿದವರನ್ನು ಯಾರೂ ಕ್ಷಮಿಸಲಿಕ್ಕಿಲ್ಲ.

1975ರಲ್ಲಿ ಶುರುವಾದ ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ರಾತ್ರಿ 11:30ಕ್ಕೆ ನೇರ ಪ್ರಸಾರವಾಗುತ್ತದೆ. ಅದೇ ದಿನ 8 ಗಂಟೆಗೆ ಪ್ರೇಕ್ಷಕರ ಎದುರೇ ಪೂರ್ತಿ ತಾಲೀಮು. ಅದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪ್ರಹಸನಗಳಿರುತ್ತವೆ, ನಗೆ ಬಾರದವು ಪ್ರಸಾರಕ್ಕೆ ಮೊದಲೇ ಹೊರಬೀಳುತ್ತವೆ. ನಮ್ಮಲ್ಲಿ 7 ಗಂಟೆಯ ತಾಲೀಮಿಗೆ ಇದೇ ಮಾದರಿ. ಹಾಗಾಗಿ ಬಣ್ಣ ಹಚ್ಚಿಕೊಂಡು ಕುಳಿತೂ ಸರದಿ ತಪ್ಪಿದ ಮಿಮಿಕ್ರಿಯವರಿಗೆ, ಜಾನಪದ ಮೇಳಗಳಿಗೆ ನಮ್ಮ ಮೊದಲ ಧನ್ಯವಾದ. ನೀವು ತಯಾರಿದ್ದುದರಿಂದಲೇ ಅತಿಥಿ ತಡವಾದ ದಿನವೂ ತಾಸು ತುಂಬಿತು.

ಧ್ವನಿ ವಿಭಾಗದವರನ್ನು ಎಷ್ಟು ನೆನೆದರೂ ಕಡಿಮೆ. ದೀಪದ ಕಾವಿಗೆ ತಂಬೂರಿಯ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ತಬಲಾದ ಚರ್ಮ ಒಣಗಿ ಬಿಗಿದು ಏರುತ್ತದೆ. ತಂಪು ಕೋಣೆಯಲ್ಲಿ ಕೂಡಿಸಿದ ಶ್ರುತಿ ವೇದಿಕೆಗೆ ಬರುವಷ್ಟರಲ್ಲಿ ಬೇರೆಯಾಗುವುದು ಅದಕ್ಕೇ. ಅರ್ಧ ತಾಸು ಮೊದಲು ದೀಪ ಹಚ್ಚಿ, ಅಲ್ಲೇ ಶ್ರುತಿ ಮಾಡಿಸುವ ರೂಢಿ ಹಾಕಿದವರು ಸರ್. ಇಳಕಲ್ ಸೀರೆ ಉಟ್ಟವರಿಗೆ ಕಾಲರ್ ಮೈಕ್ ಸೆರಗಿಲ್ಲದ ಕಡೆ, ಇಲ್ಲದಿದ್ದರೆ ಸೆರಗಿನ ಸರಸರವೇ ಕೇಳುತ್ತದೆ.

ಕ್ಯಾಮೆರಾದವರ ಪಾಡು ಬಿಳಿ ಅಂಗಿ. ಅಂಗಿಗೆ ಬೆಳಕು ಹೊಂದಿಸಿದರೆ ಮುಖ ಕಪ್ಪಿಡುತ್ತದೆ. ಕ್ಯಾಮೆರಾಕ್ಕೆ ಬೆಳಕು ಬಿಡುವ ಕಿಂಡಿ, ಅಂದರೆ ಐರಿಸ್, ಮುಖಕ್ಕೇ ಇಟ್ಟು, ಎದೆಯ ಮೇಲಿನ ಬೆಳಕನ್ನು ಮರೆ ಮಾಡಬೇಕು. ಸಣ್ಣ ಗೆರೆಯ ಅಂಗಿ ಇನ್ನೂ ಕಷ್ಟ, ಪರದೆಯ ಮೇಲೆ ಅಲೆಅಲೆಯಾಗಿ ನಡುಗುತ್ತದೆ.

ಫೋನ್ ಮಾಡಿದ ಅಕ್ಕ-ಅಣ್ಣಂದಿರಿಗೂ ಶರಣು. 'ಮೊದಲ ಟಿವಿ ಸೌಂಡ್ ಬಂದ್ ಮಾಡ್ರಿ' ಅಂತ ಪ್ರತಿ ಸಲ ಕಾಡಿದ್ದಕ್ಕೆ ಕಾರಣವಿದೆ: ಪ್ರಸಾರ ನಿಮ್ಮ ಮನೆ ಮುಟ್ಟುವುದು ಕೆಲವು ಸೆಕೆಂಡು ತಡವಾಗಿ. ನಿಮ್ಮದೇ ಹಳೆಯ ಮಾತು ಟಿವಿಯಲ್ಲಿ ಕೇಳಿ ನೀವು ತಡವರಿಸುತ್ತೀರಿ, ಅದೇ ಸದ್ದು ಫೋನಿನಲ್ಲಿ ಹೊಕ್ಕು ನಮಗೂ ಮರಳುತ್ತದೆ.

ಗದಗ, ಹಾವೇರಿಯ ಕಲಾವಿದರನ್ನು ನಡುರಾತ್ರಿ ಮನೆ ಮುಟ್ಟಿಸಿದ ಚಾಲಕರಿಗೆ, ಪ್ರಸಾರ ಮುಗಿಯುವ ತನಕ ಗಿರ್ಮಿಟ್ ಪೊಟ್ಟಣ ಬಿಚ್ಚದ ಪ್ರೇಕ್ಷಕರಿಗೆ ವಂದನೆ. ಸರ್ ಅವರ ಸಮಯಪಟ್ಟಿಗಳನ್ನೆಲ್ಲ ಹೊಸ ನಿರ್ಮಾಪಕರಿಗೆ ಒಪ್ಪಿಸಿದ್ದೇವೆ. ತಾಲೀಮು ಎಂದಿನಂತೆ 7ಕ್ಕೆ.