ಮಗಳಿಗೊಂದು ಪತ್ರ: ಅಟ್ಟದ ಮೇಲಿದ್ದವಳ ಕತೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ತುಂಬಾ ಸಿಟ್ಟಾಗಿದ್ದೆ. ಕ್ಲಾಸಿನಲ್ಲಿ ‘ಜೇನ್ ಐರ್’ ಕಾದಂಬರಿ ಮುಗಿಯಿತು, ಆದರೆ ನಾಯಕ ರಾಚೆಸ್ಟರ್ ಅಟ್ಟದ ಮೇಲೆ ಕೂಡಿಹಾಕಿದ್ದ ಹೆಂಡತಿ, ಆ ಬರ್ತಾಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ ಅಂದೆ. "ಅವಳದ್ದೂ ಒಂದು ಕತೆ ಇರುತ್ತಲ್ವಾ ಅಮ್ಮಾ?" ಅಂತ ಕೇಳಿದೆ. ಒಲೆ ಮೇಲೆ ಹಾಲಿತ್ತು, ಆಮೇಲೆ ಹೇಳ್ತೀನಿ ಅಂದೆ. ನಿನ್ನ ಪ್ರಶ್ನೆ ಮಾತ್ರ ಎರಡು ದಿನದಿಂದ ನನ್ನ ಜೊತೆಗೇ ಓಡಾಡುತ್ತಿದೆ.

ನಾನು ಆ ಪುಸ್ತಕ ಓದಿದ್ದು ನಿನ್ನ ತಾತನಿಗೆ ಕಣ್ಣಿನ ಪೊರೆ ತೆಗೆದಾಗ. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ನಾನು ಮಂಚದ ಪಕ್ಕ ಕೂತು ಓದಿದೆ. ಶಾರ್ಲಟ್ ಬ್ರಾಂಟಿ ಅದನ್ನು ಬರೆಯಲು ಶುರು ಮಾಡಿದ್ದೂ ಹೀಗೇ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. 1846ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವಳ ಅಪ್ಪನಿಗೆ ಪೊರೆ ತೆಗೆದರು, ಅದೂ ಅರಿವಳಿಕೆ ಇಲ್ಲದೆ. ಅವತ್ತೇ ಅವಳು ಬರೆದಿದ್ದ ಇನ್ನೊಂದು ಕಾದಂಬರಿಯನ್ನು ಪ್ರಕಾಶಕರು ಬೇಡ ಅಂತ ವಾಪಸ್ ಕಳಿಸಿದ್ದರು. ಅಪ್ಪ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿದ್ದಾಗ ಅವಳು ಹೊಸದೊಂದನ್ನು ಬರೆಯಲು ಕೂತಳು. ಆ ಧೈರ್ಯ ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

1836ರ ಕೊನೆಯಲ್ಲಿ, ಅವಳಿಗಿನ್ನೂ 20 ವರ್ಷ, ರಾಬರ್ಟ್ ಸದೀ ಅನ್ನುವ ದೊಡ್ಡ ಕವಿಗೆ ತನ್ನ ಪದ್ಯಗಳನ್ನು ಕಳಿಸಿದ್ದಳು. ಸಾಹಿತ್ಯ ಹೆಣ್ಣಿನ ಬದುಕಿನ ಕೆಲಸ ಆಗಲಾರದು, ಆಗಲೂಬಾರದು ಅಂತ ಅವನು ಉತ್ತರ ಬರೆದ. ಹೆಣ್ಣು ಬರೆದರೆ ಜನ ಹೀಗೇ ನೋಡುತ್ತಾರೆ ಅಂತ ಆಮೇಲೆ ಅವಳು, ತಂಗಿಯರಾದ ಎಮಿಲಿ, ಆನ್ ಮೂವರೂ ಕರರ್, ಎಲ್ಲಿಸ್, ಆಕ್ಟನ್ ಬೆಲ್ ಅಂತ, ಹೆಣ್ಣೋ ಗಂಡೋ ಗೊತ್ತಾಗದ ಹೆಸರಿಟ್ಟುಕೊಂಡರು. ಮೂವರೂ ಸೇರಿ ತಂದ ಪದ್ಯದ ಪುಸ್ತಕ ಮೊದಲ ವರ್ಷ ಖರ್ಚಾಗಿದ್ದು ಎರಡೇ ಪ್ರತಿ. 1847ರಲ್ಲಿ ‘ಜೇನ್ ಐರ್’ ಬಂತು. ಜನ ಮುಗಿಬಿದ್ದು ಓದಿದರು.

ನಾಯಕಿ ಅಂದರೆ ಚೆಲುವೆಯೇ ಆಗಿರಬೇಕಾ ಅಂತ ತಂಗಿಯರ ಜೊತೆ ವಾದ ಮಾಡಿ, ನನ್ನಷ್ಟೇ ಸಾದಾ, ನನ್ನಷ್ಟೇ ಕುಳ್ಳಗಿನ ನಾಯಕಿಯನ್ನು ತೋರಿಸುತ್ತೇನೆ ಅಂದಿದ್ದಳಂತೆ ಶಾರ್ಲಟ್. ತೋರಿಸಿಯೇ ಬಿಟ್ಟಳು. ಅಪ್ಪ ಅಮ್ಮ ಇಲ್ಲದ ಹತ್ತು ವರ್ಷದ ಹುಡುಗಿ ‘ನಾನು’ ಅಂತ ತನ್ನ ಕತೆ ತಾನೇ ಹೇಳುತ್ತಾಳೆ. ಅವಳ ಶಾಲೆಯ ಹಸಿವು, ಚಳಿ, ಕಾಯಿಲೆ ಸುಮ್ನೆ ಕಟ್ಟಿದ್ದಲ್ಲ. ಶಾರ್ಲಟ್‌ಳ ಇಬ್ಬರು ಅಕ್ಕಂದಿರು ಅಂಥದೇ ಶಾಲೆಯಿಂದ ಕ್ಷಯ ಹತ್ತಿಸಿಕೊಂಡು ಬಂದು 1825ರಲ್ಲಿ ತೀರಿಹೋದರು. ಕತೆಯಲ್ಲಿ ಜೇನ್‌ಳ ತೋಳಿನಲ್ಲೇ ಪ್ರಾಣ ಬಿಡುವ ಹೆಲೆನ್, ಹಿರಿಯಕ್ಕ ಮರಾಯಾಳ ನೆರಳು.

ದೊಡ್ಡವಳಾದ ಜೇನ್ ಪಾಠ ಹೇಳಲು ಸೇರಿದ್ದು ರಾಚೆಸ್ಟರ್‌ನ ಮನೆಗೆ. ತಾನು ಮದುವೆಯಾಗಬೇಕಿದ್ದ ಅವನಿಗೆ ಆಗಲೇ ಹೆಂಡತಿ ಇದ್ದಾಳೆ ಅಂತ ಗೊತ್ತಾದ ಮೇಲೆ ಜೇನ್ ಬೆಳಗಾಗುವ ಮೊದಲೇ ಆ ಮನೆ ಬಿಡುತ್ತಾಳೆ. ಕೈಯಲ್ಲಿ 20 ಶಿಲ್ಲಿಂಗ್ ಅಷ್ಟೇ. ಆ ಭಾಗ ಓದುವಾಗ ನಾನು ಪೂರ್ತಿ ಜೇನ್ ಕಡೆಗಿದ್ದೆ. ಬರ್ತಾಳನ್ನು ಕಂಡರೆ ನನಗೆ ಬರೀ ಭಯ. ನಿನ್ನ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ ಪುಟ್ಟಿ.

ಒಂದು ಲೆಕ್ಕ ನೋಡು. ಆ ಮನೆಯಲ್ಲಿ ಮಗುವಿಗೆ ಪಾಠ ಹೇಳಲು ಜೇನ್‌ಗೆ ವರ್ಷಕ್ಕೆ 30 ಪೌಂಡ್ ಸಂಬಳ. ಜಮೈಕಾದ ಬರ್ತಾಳಿಂದ ರಾಚೆಸ್ಟರ್‌ಗೆ ಬಂದ ವರದಕ್ಷಿಣೆ 30,000 ಪೌಂಡ್. ಎರಡೂ ಅಂಕಿ ಪುಸ್ತಕದಲ್ಲೇ ಇವೆ. ಅಷ್ಟು ದುಡ್ಡು ತಂದವಳಿಗೆ ಕೊನೆಗೆ ಸಿಕ್ಕಿದ್ದು ಕಿಟಕಿಯಿಲ್ಲದ ಕೋಣೆ.

ನಿನ್ನ ಹಾಗೇ ಸಿಟ್ಟಾದವಳು ಒಬ್ಬಳಿದ್ದಳು. ಜೀನ್ ರೀಸ್. 1890ರಲ್ಲಿ ಕೆರಿಬಿಯನ್ ದ್ವೀಪ ಡೊಮಿನಿಕದಲ್ಲಿ ಹುಟ್ಟಿ, 16ನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದವಳು. ತನ್ನ ಕಡೆಯ ಹೆಣ್ಣನ್ನು ಹೀಗೆ ಕಾಡುಪ್ರಾಣಿಯಂತೆ ಬರೆದಿದ್ದಾರಲ್ಲ ಅಂತ ಅವಳಿಗೆ ಸಂಕಟ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಾಳಿ, 1966ರಲ್ಲಿ, 76ನೇ ವಯಸ್ಸಿನಲ್ಲಿ, ಬರ್ತಾಳ ಕತೆ ಹೇಳುವ ‘ವೈಡ್ ಸರ್ಗಾಸೋ ಸೀ’ ಕಾದಂಬರಿ ತಂದಳು. ಅದರಲ್ಲಿ ಆ ಹುಡುಗಿಯ ನಿಜವಾದ ಹೆಸರು ಆಂಟ್ವಾನೆಟ್. ಬರ್ತಾ ಅನ್ನೋದು ಗಂಡ ಅಂಟಿಸಿದ ಹೆಸರು. ಮದುವೆ ಆದ ದಿನವೇ ಅವಳ ಆಸ್ತಿಯೆಲ್ಲ ಕಾನೂನಿನ ಪ್ರಕಾರ ಅವನದಾಗಿಬಿಟ್ಟಿರುತ್ತದೆ. ಓಡಿಹೋಗೋಣ ಅಂದರೂ ಕೈಯಲ್ಲಿ ಕಾಸಿಲ್ಲ.

ಹಾಗಂತ ಜೇನ್‌ಳನ್ನು ದೂರ ಇಡಬೇಡ. ಯಾರೂ ಲೆಕ್ಕಕ್ಕಿಡದ ಹುಡುಗಿ ಬಾಯಿ ಬಿಟ್ಟು ‘ನಾನು’ ಅನ್ನಬಹುದು ಅಂತ ತೋರಿಸಿದ್ದು ಶಾರ್ಲಟ್. ಆ ದಾರಿಯಲ್ಲೇ ನಡೆದು ರೀಸ್ ಅಟ್ಟದ ಮೇಲಿದ್ದವಳ ಬಾಯಲ್ಲೂ ‘ನಾನು’ ಅನ್ನಿಸಿದಳು. ನನಗೆ ಇಬ್ಬರೂ ಬೇಕು.

ಇನ್ನೊಂದು ಮಾತು. ಹಾವರ್ತ್ ಊರಿನ ತಮ್ಮ ಮನೆಯಲ್ಲಿ ಬ್ರಾಂಟಿ ಅಕ್ಕತಂಗಿಯರು ಮೂವರೂ ರಾತ್ರಿ ಊಟದ ಮೇಜಿನ ಸುತ್ತ ಓಡಾಡುತ್ತಾ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರಂತೆ. 1848ರ ಡಿಸೆಂಬರ್‌ನಲ್ಲಿ ಎಮಿಲಿ ಹೋದಳು, ಮರುವರ್ಷ ಮೇ ತಿಂಗಳಲ್ಲಿ ಆನ್. ಆಮೇಲೂ ರಾತ್ರಿ ಹೊತ್ತು ಆ ಕೋಣೆಯಲ್ಲಿ ಶಾರ್ಲಟ್ ಒಬ್ಬಳೇ ನಡೆಯುವ ಸದ್ದು ಮನೆಗೆಲಸದವಳಿಗೆ ಕೇಳುತ್ತಿತ್ತಂತೆ.

ರೀಸ್ ಪುಸ್ತಕ ನಿನ್ನೆ ಪೋಸ್ಟ್ ಮಾಡಿದ್ದೇನೆ. ಜೊತೆಗೆ ನನ್ನ ಹಳೇ ‘ಜೇನ್ ಐರ್’ ಕೂಡ ಇದೆ. ಅಂಚಿನಲ್ಲಿ ನಾನು ಪೆನ್ಸಿಲ್‌ನಲ್ಲಿ ಗೀಚಿದ್ದೇನೆ, ನೀನೂ ಬರಿ. ಭಾನುವಾರ ಸಂಜೆ ಫೋನ್ ಮಾಡು, ಆಂಟ್ವಾನೆಟ್ ಬಗ್ಗೆ ನಿನಗೇನನ್ನಿಸಿತು ಅಂತ ಪೂರ್ತಿ ಕೇಳಬೇಕು.

ನಿನ್ನ,
ಅಮ್ಮ