ಹಂಪಿ ಪ್ರವಾಸದಲ್ಲಿ ಮಕ್ಕಳು ಬರೆಯಬೇಕಾದ ವರದಿಯ ಕುರಿತು

ಮಾನ್ಯ ಪೋಷಕರೇ,

ವಂದನೆಗಳು. ಒಂಬತ್ತನೆಯ ತರಗತಿಯ ಹಂಪಿ ಪ್ರವಾಸದ ಊಟ, ವಸತಿ, ಬಸ್ಸಿನ ವಿವರಗಳನ್ನು ತರಗತಿ ಶಿಕ್ಷಕರು ತಿಳಿಸಲಿದ್ದಾರೆ. ಈ ಪತ್ರವನ್ನು ಬರೆಯುತ್ತಿರುವುದು ಮಕ್ಕಳ ವರದಿಯ ಬಗೆಗೆ. ಫಲಕಗಳ ಮೇಲಿರುವುದನ್ನು ನಕಲು ಮಾಡಿಕೊಂಡು ಬರುವ ವಾಡಿಕೆಯನ್ನು ಈ ಸಲ ಕೈಬಿಟ್ಟಿದ್ದೇವೆ. ಒಂದೊಂದು ತಾಣವೂ ತನ್ನ ಕಥೆಯನ್ನು ನೋಡುಗರಿಗೆ ಎಷ್ಟರಮಟ್ಟಿಗೆ ತಿಳಿಯಹೇಳುತ್ತದೆ ಎಂಬುದನ್ನು ಮಕ್ಕಳೇ ಪರಿಶೀಲಿಸಿ, ಅಂಕ ಕೊಟ್ಟು, ಆ ಅಂಕಕ್ಕೆ ಕಾರಣವನ್ನೂ ಬರೆಯಬೇಕು.

ಹಂಪಿಯಂತಹ ಜಾಗದಲ್ಲಿ ಇದು ಸುಲಭದ ಕೆಲಸವಲ್ಲ. ಮಹಾನವಮಿ ದಿಬ್ಬದ ಮೇಲಿದ್ದ ಕಟ್ಟಡ ಈಗ ಉಳಿದಿಲ್ಲ. ವಿವರಿಸುವವರಿಲ್ಲದಿದ್ದರೆ ಅದು ಬರಿಯ ಎತ್ತರದ ಜಗತಿಯಾಗಿ ಕಾಣುತ್ತದೆ. ಅದರ ಬದಿಗಳಲ್ಲಿ ಕೆತ್ತಿರುವ ಆನೆ, ಕುದುರೆ, ಬೇಟೆ, ನೃತ್ಯದ ಸಾಲುಗಳಿಗೂ, ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದಿಟ್ಟ ನವರಾತ್ರಿಯ ವೈಭವಕ್ಕೂ ಇರುವ ನಂಟು ಅಲ್ಲಿಗೆ ಬಂದವರಿಗೆ ಹೊಳೆಯುವಂತಿದೆಯೇ? ಸಮೀಪದಲ್ಲೇ, 1980ರ ದಶಕದ ಉತ್ಖನನದಲ್ಲಿ ದೊರೆತ ಮೆಟ್ಟಿಲು ಪುಷ್ಕರಣಿಯಿದೆ. ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂದು ಶಿಲ್ಪಿಗಳು ಹಾಕಿಕೊಂಡ ಗುರುತುಗಳು ಅದರ ಕಲ್ಲುಗಳ ಮೇಲೆ ಇವೆ. ಈ ಒಂದು ಸಂಗತಿ ಗೊತ್ತಾದರೆ ಕೊಳವನ್ನು ಕಟ್ಟಿದ ಬಗೆಯೇ ಮಗುವಿಗೆ ಅರ್ಥವಾಗುತ್ತದೆ. ಗೊತ್ತಾಗದಿದ್ದರೆ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥವಂತೂ ಐವತ್ತು ರೂಪಾಯಿ ನೋಟಿನ ಮೇಲೆಯೇ ಇರುವುದರಿಂದ ಎಲ್ಲರಿಗೂ ಪರಿಚಿತ, ಆದರೆ ಅದು ಗರುಡನ ಗುಡಿ ಎಂಬುದನ್ನು ಎಷ್ಟು ಮಂದಿ ತಿಳಿದು ಹೊರಬರುತ್ತಾರೆ ಎಂಬುದನ್ನು ಮಕ್ಕಳು ಗಮನಿಸಲಿ.

ಕಮಲಾಪುರದ ವಸ್ತುಸಂಗ್ರಹಾಲಯವನ್ನು ಕೊನೆಗೆ ನೋಡುವವರೇ ಹೆಚ್ಚು. ಬೆಟ್ಟ, ಹೊಳೆ, ಗುಡಿಗಳ ನೆಲೆಯನ್ನು ಒಟ್ಟಾಗಿ ತೋರಿಸುವ ಹಂಪಿಯ ಮಾದರಿ ಅಲ್ಲಿರುವುದರಿಂದ ನಾವು ಅಲ್ಲಿಂದಲೇ ಆರಂಭಿಸುತ್ತೇವೆ. ಫಲಕದ ಭಾಷೆ ಯಾರಿಗಾಗಿ ಬರೆದದ್ದು, ಓದು ಬಾರದ ಅಜ್ಜಿಗೂ ದೃಷ್ಟಿಯಿಲ್ಲದವರಿಗೂ ಅಲ್ಲಿ ಏನಾದರೂ ದಕ್ಕುತ್ತದೆಯೇ, ಗೈಡ್ ಹೇಳಿದ ಮಾತಿಗೆ ಆಧಾರವನ್ನೂ ಹೇಳಿದರೇ ಎಂಬ ಪ್ರಶ್ನೆಗಳು ಎಲ್ಲ ತಾಣಗಳಿಗೂ ಅನ್ವಯಿಸುತ್ತವೆ.

ತಮ್ಮಲ್ಲಿ ಒಂದು ವಿನಂತಿ. ನಿಮ್ಮ ಮಗ ಅಥವಾ ಮಗಳು ಪ್ರಸಿದ್ಧ ಸ್ಮಾರಕವೊಂದಕ್ಕೆ ಕಡಿಮೆ ಅಂಕ ಕೊಟ್ಟರೆ ಅದನ್ನು ಅಗೌರವವೆಂದು ತಿಳಿದು ತಿದ್ದಿಸಬೇಡಿ. ಅಂಕ ಸ್ಮಾರಕದ ಹಿರಿಮೆಗೆ ಕೊಟ್ಟದ್ದಲ್ಲ, ಅದನ್ನು ವಿವರಿಸಿದ ರೀತಿಗೆ ಕೊಟ್ಟದ್ದು. ನಾವು ಮೌಲ್ಯಮಾಪನ ಮಾಡುವಾಗಲೂ ಮಕ್ಕಳು ಕೊಟ್ಟ ಕಾರಣಗಳನ್ನಷ್ಟೇ ನೋಡುತ್ತೇವೆ. ವರದಿಯನ್ನು ಪ್ರವಾಸ ಮುಗಿದ ಮುಂದಿನ ವಾರದೊಳಗೆ, ತಮ್ಮ ಸಹಿಯೊಂದಿಗೆ, ಸಮಾಜ ವಿಜ್ಞಾನ ಶಿಕ್ಷಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು